ಗೋವಿಂದಮ್ಮನೂ ರಾಜ್ಯದ ಪಾಲೂ

"ಅಮ್ಮಾ, ನಮ್ಮ ರಾಜ್ಯಕ್ಕೆ ದುಡ್ಡು ಕಮ್ಮಿ ಬರೋ ಹಾಗೆ ಗೋವಿಂದಜ್ಜಿನೇ ಮಾಡಿದ್ದಂತೆ, ಹೌದಾ?"

ಅನ್ನಕ್ಕೆ ತುಪ್ಪ ಹಾಕುತ್ತಿದ್ದ ಶಾಂತಲಾಳ ಕೈ ನಿಂತಿತು. ಮೊನ್ನೆ ಪಾರ್ಕಿನಲ್ಲಿ ಕೇಳಿಸಿಕೊಂಡ ಮಾತನ್ನು ಮಗಳು ಸುರಭಿ ಈಗ ಹೊರಗೆ ತೆಗೆದಿದ್ದಳು.

ಗೋವಿಂದಮ್ಮ ಅವರ ಬಾಡಿಗೆ ಮನೆಯ ಓನರು, ಕೆಳಗಿನ ಮನೆಯಲ್ಲೇ ಇದ್ದಾರೆ. ಅವರಿರುವ ಜರಗನಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲಕ್ಕೆ ಆ ಸುತ್ತಿಗೆಲ್ಲ ನರ್ಸಮ್ಮ. ರಾಗಿ ಹೊಲದ ಬದುವಿನ ಮೇಲೆ ನಡೆದು, ಮನೆಮನೆಯ ಜಗಲಿಯಲ್ಲಿ ಕೂತು, ಅತ್ತೆಯಂದಿರ ಕೈಲಿ ಬೈಸಿಕೊಂಡು, ಹೆತ್ತು ಹೆತ್ತು ಬಸವಳಿದ ಸೊಸೆಯರಿಗೆ 'ಎರಡು ಸಾಕು, ಆಪರೇಷನ್ ಮಾಡಿಸ್ಕೊ' ಎಂದವರು. ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ; ಆಪರೇಷನ್ ಆದವಳು ನೀರಿನ ಕೊಡ ಎತ್ತದ ಹಾಗೆ ಕಾವಲು ಕೂರುತ್ತಿದ್ದರು. ಎರಡು ಹೆಣ್ಣು ಹೆತ್ತ ಮಂಗಮ್ಮನನ್ನು ಒಪ್ಪಿಸಿದ ದಿನ ಅವಳ ಅತ್ತೆ ಇಬ್ಬರ ಮೇಲೂ ಸಗಣಿ ನೀರು ಎರಚಿದ್ದಳಂತೆ. ಅದೇ ಸೀರೆಯಲ್ಲಿ ಇಬ್ಬರೂ ಆಸ್ಪತ್ರೆಗೆ ನಡೆದರು. ಗೆಳೆತನ ಅಲ್ಲಿಂದ.

ಈಗ ಟೀವಿ ಹಾಕಿದರೆ ಕೇಂದ್ರದ ತೆರಿಗೆ ಪಾಲಿನ ಗಲಾಟೆ. ಮೊನ್ನೆ ಪಾರ್ಕಿನ ಬೆಂಚಿನ ಮೇಲೆ ಮಂಗಮ್ಮ, "ಡೆಲ್ಲಿಯೋರು ತಲೆ ಎಣಿಸಿ ದುಡ್ಡು ಹಂಚ್ತಾರಂತೆ ಕಣ್ರೇ! ಈ ಗೋವಿಂದಿ ನನ್ನ ಅಂಗಡಿ ಬಾಗಿಲು ಹಾಕಿಸದೆ ಇದ್ದಿದ್ರೆ ಇನ್ನೂ ನಾಲ್ಕು ತಲೆ ಕೊಡ್ತಿದ್ದೆ!" ಎಂದರು. ಎಲ್ಲರೂ ನಕ್ಕರು, ಗೋವಿಂದಮ್ಮನೂ ನಕ್ಕರು. ಆಮೇಲೆ ಅವರು ಪಾರ್ಕಿನ ಕಡೆ ಹೋಗಿಲ್ಲ.

ಊಟವಾದ ಮೇಲೆ ಶಾಂತಲಾ ಕೆಳಗಿಳಿದಳು. ಗೋವಿಂದಮ್ಮ ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಅವಳೂ ಪಕ್ಕದಲ್ಲಿ ಕೂತು ಕೈ ಹಾಕಿದಳು.

"ನಿಜ ಹೇಳು ಶಾಂತಲಾ, ನನ್ನಂಥೋರಿಂದಾನೇ ಕಮ್ಮಿ ಆಯ್ತಾ?"

"ತಲೆ ಎಣಿಕೆ ಒಂದೇ ಅಲ್ಲ ಆಂಟಿ. ಯಾವ ರಾಜ್ಯ ಬಡವಾಗಿದೆ, ಎಲ್ಲಿ ಕಾಡು ಉಳಿಸ್ಕೊಂಡಿದ್ದಾರೆ, ಅದನ್ನೂ ನೋಡ್ತಾರೆ. ಜನಸಂಖ್ಯೆ ಹಿಡಿತಕ್ಕೆ ತಂದೋರಿಗೂ ಒಂದಷ್ಟು ಮಾರ್ಕ್ಸ್ ಇದೆ. ಆದ್ರೂ ಜನ ಕಮ್ಮಿ ಅಂದ್ರೆ ಅಷ್ಟರ ಮಟ್ಟಿಗೆ ಪಾಲು ಕಮ್ಮಿನೇ. ಸುಳ್ಳು ಯಾಕೆ ಹೇಳ್ಲಿ?"

"ಬಡವರ ಊರಿಗೆ ಒಂದು ತುತ್ತು ಜಾಸ್ತಿ ಹೋಗ್ಲಿ ಬಿಡು. ಅಲ್ಲೂ ಮಕ್ಕಳಿಗೆ ಸ್ಕೂಲು ಬೇಕು, ನೀರು ಬೇಕು. ಹಾಗಂತ ನಮ್ಮ ಚರಂಡಿ ಯಾರು ಕಟ್ಟಿಸ್ತಾರೆ? ಅದನ್ನ ದೊಡ್ಡೋರು ಕೂತು ಜಗಳ ಆಡ್ಕೊಳ್ಲಿ. ನನ್ನ ಸಂಕಟ ಅದಲ್ಲ."

"ಮತ್ತೆ?"

"ಮಂಗಿಗೆ ಒಂದು ಗಂಡು ಬೇಕಿತ್ತು ಕಣಮ್ಮ. ಬೇಡ ಅಂದಿದ್ದು ನಾನು. ಇಷ್ಟು ವರ್ಷದಲ್ಲಿ ಅವಳು ಒಂದು ಸಲಾನೂ ಆ ಮಾತು ಎತ್ತಿರ್ಲಿಲ್ಲ. ಈಗ ತಮಾಷೆ ನೆಪದಲ್ಲಿ ಈಚೆಗೆ ಬಂತೇನೋ."

ಶಾಂತಲಾ ಇನ್ನೊಂದು ಹಿಡಿ ಕಾಳು ಎತ್ತಿಕೊಂಡಳು. 'ಸುರಭಿಗೊಂದು ತಮ್ಮ ಬೇಡವೇನೇ?' ಎಂದು ಅತ್ತೆ ಫೋನಿನಲ್ಲಿ ಕೇಳಿದಾಗೆಲ್ಲ ತಾನೂ ನಕ್ಕು ಮಾತು ಮರೆಸುತ್ತಾಳೆ. ಆ ನಗುವಿನ ಹಿಂದೆ ಏನಿದೆಯೆಂದು ಅತ್ತೆಗೇನು ಗೊತ್ತು?

ಗೋವಿಂದಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ಒಂದು ಉಪಕಾರ ಮಾಡ್ತೀಯಾ? ಸಂಜೆ ನನ್ನ ಜೊತೆ ಮಂಗಿ ಮನೆಗೆ ಬಾ. ನಾನು ಕಾಫಿ ಮಾಡ್ತೀನಿ ಅಂತ ಒಳಗೆ ಹೋಗ್ತೀನಿ. ಅಷ್ಟರಲ್ಲಿ ನೀನು ಕೇಳಿಬಿಡು, ಆಪರೇಷನ್ ಮಾಡಿಸ್ಕೊಂಡಿದ್ದಕ್ಕೆ ಬೇಜಾರಿದೆಯಾ ಅಂತ. ನಾನು ಕೇಳಿದ್ರೆ ನನ್ನ ಮುಖ ನೋಡಿ ಇಲ್ಲ ಅಂದುಬಿಡ್ತಾಳೆ."