ಐದು ಖಾತೆಗಳ ಎಂಟು ದಿನದ ಮೌನ

ಚಿಂತಾಮಣಿಯಲ್ಲಿ ಬಂದರು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಪತ್ತೇದಾರಿಕೆ ಶುರುವಾದದ್ದೇ ಅಲ್ಲಿಂದ.

ನಮ್ಮ ಕಡೆಯ ಕೆರೆ, ಬಾವಿ, ಗುಂಡುತೋಪು, ಹೊಲಗಳ ಹಳೆಯ ಹೆಸರು, ಎಲ್ಲವನ್ನೂ ಅಂತರ್ಜಾಲದ ಒಂದು ನಕಾಶೆಗೆ ಏರಿಸುವ ಸ್ವಯಂಸೇವಕರ ಗುಂಪು ನಮ್ಮದು. ಯಾರು ಬೇಕಾದರೂ ಖಾತೆ ತೆರೆದು ಬರೆಯಬಹುದು. ಹಾಗೆ ಬಂದ ಒಬ್ಬ ಮಹಾಶಯ ಚಿಂತಾಮಣಿಯ ಬಸ್ ನಿಲ್ದಾಣದ ಪಕ್ಕ ಹಡಗಿನ ಬಂದರನ್ನೂ ಕೈವಾರದ ಬೆಟ್ಟದ ಮೇಲೆ ಲೈಟ್‌ಹೌಸನ್ನೂ ಗುರುತಿಸಿಬಿಟ್ಟ. ಖಾತೆ ಮುಚ್ಚಿದೆವು. ಮಾರನೆಯ ವಾರ ಬೇರೆ ಹೆಸರಿನಲ್ಲಿ ಬಂದು ಗೌರಿಬಿದನೂರಿಗೆ ಮೀನುಗಾರರ ಕಾಲೊನಿ ಕೊಟ್ಟ. ಎರಡೂ ಕಡೆ ಸಮುದ್ರದ ಹುಚ್ಚು ಒಂದೇ ಎಂದು ಹಿಡಿದವಳು ನಾನು.

ಅಷ್ಟು ಸಾಕಾಯಿತು. ಗುಂಪಿನ ಹಿರಿಯರಾದ ಗೌರಿಬಿದನೂರಿನ ನಿವೃತ್ತ ಭೂಗೋಳದ ಮೇಷ್ಟ್ರು, ಒಬ್ಬರೇ ಹಲವು ಹೆಸರಿನಲ್ಲಿ ತೆರೆಯುವ ಜೋಡಿ ಖಾತೆ ಹುಡುಕುವ ಕೆಲಸವನ್ನು ನನಗೇ ವಹಿಸಿದರು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕೂಗಾಡಿ ಬಂದವಳು ನಾನು. ದೇವರಿಂದ ಹಿಡಿದು ಅಮ್ಮನ ಶುಂಠಿ ಕಷಾಯದವರೆಗೆ ಯಾವುದನ್ನೂ ಪುರಾವೆ ಕೇಳದೆ ಒಳಗೆ ಬಿಟ್ಟುಕೊಂಡವಳಲ್ಲ.

ಬಂದರು ಕಟ್ಟಿದ ಆ ಕಡಲಪ್ರಿಯ ಬೇಸರ ಬಂದು ಎಲ್ಲಿಗೋ ಹೋದ. ನನಗೆ ಮಾತ್ರ ಅವನು ದಿನಾ ಕಾಣತೊಡಗಿದ. ಮುದ್ದೇನಹಳ್ಳಿ ಕಡೆಯ ಒಂದು ಬಾವಿ ‘ಸಮುದ್ರದ ಹಾಗೆ ತುಂಬಿತ್ತು’ ಎಂದು ಬರೆದ ಪಾಪದ ಮನುಷ್ಯನಿಗೆ ಮೂರು ಪ್ರಶ್ನಾವಳಿ ಕಳಿಸಿದೆ. ಅವರು ಬರೆಯುವುದನ್ನೇ ಬಿಟ್ಟರು. ನೋಡಿದಿರಾ, ಸಿಕ್ಕಿಬಿದ್ದ ಕೂಡಲೇ ಓಡಿಹೋದ ಎಂದುಕೊಂಡೆ.

ಆಮೇಲೆ ಸಿಕ್ಕಿದ್ದು ಶಿಡ್ಲಘಟ್ಟದ ಕಡೆಯ ಒಂದೇ ಹಳ್ಳಿಯ ಐದು ಖಾತೆಗಳು. ಐದೂ ಚೆನ್ನಾಗಿಯೇ ಬರೆಯುತ್ತಿದ್ದವು. ನನ್ನ ಕಣ್ಣು ಕುಕ್ಕಿದ್ದು ಬೇರೆ. ಐದೂ ಒಂದೇ ದಿನ ಸುಮ್ಮನಾಗುತ್ತಿದ್ದವು. ಎಂಟು ದಿನ ಸದ್ದಿಲ್ಲ. ಆಮೇಲೆ ಒಂದೇ ಸಂಜೆ ಐದಕ್ಕೂ ಜೀವ. ಹೀಗೆ ಒಂದು ಸಲವಲ್ಲ, ಮೂರು ಸಲ. ಐದು ಜನಕ್ಕೆ ಒಟ್ಟಿಗೆ ನೆಗಡಿ ಬಂದೀತೇ? ಯಾವ ಖಾತೆ ಯಾವ ಫೋನಿನದು ಎಂಬುದು ಹುಡುಕುವ ನಮಗೆ ಕಾಣುತ್ತದೆ; ಐದಕ್ಕೂ ಬೇರೆ ಬೇರೆ ಫೋನಿದ್ದದ್ದನ್ನು ಕಳ್ಳನ ಜಾಣತನ ಎಂದುಕೊಂಡೆ. ಕೋಷ್ಟಕ ಹಾಕಿ, ಮೌನದ ದಿನಗಳಿಗೆ ಕೆಂಪು ಬಳಿದು, ‘ಇವು ಐದಲ್ಲ, ಒಂದೇ’ ಎಂದು ಎಲ್ಲರಿಗೂ ಕಾಣುವ ಹಾಗೆ ಚರ್ಚಾಪುಟದಲ್ಲಿ ಹಾಕಿದೆ.

ನಿಯಮ ಬಿಗಿ. ಆರೋಪ ನಿಂತರೆ ಖಾತೆಗಳು ಮುಚ್ಚುತ್ತವೆ, ಅವು ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಆ ಐದರಲ್ಲಿ ಒಬ್ಬ ಅಕ್ಕನ ಖಾತೆಯಿತ್ತು. ತಮ್ಮ ಊರಿನ ಸೇದುಬಾವಿಯೊಂದರ ಬಗ್ಗೆ ಅವರು ಉದ್ದದ ಪುಟ ಬರೆದಿದ್ದರು. ಬಾವಿ ಈಗಿಲ್ಲ, ಮುಚ್ಚಿ ಮೇಲೆ ರಸ್ತೆ ಹಾಕಿದ್ದಾರೆ. ಯಾವ ಮನೆಯವರು ಯಾವ ಮೂಲೆಯಲ್ಲಿ ಸೇದುತ್ತಿದ್ದರು ಎಂಬುದನ್ನು ಅತ್ತೆ ಹೇಳಿದ ಹಾಗೆ ಫೋನಿನಲ್ಲೇ ಕುಟ್ಟಿದ್ದರು. ಬೇರೆಲ್ಲೂ ಅದರ ಪ್ರತಿಯಿರಲಿಲ್ಲ.

ಆರೋಪದ ಕೆಳಗೆ ಅಕ್ಕ ಬರೆದರು: ‘ನಾನು ನಾನೇ ಕಣಮ್ಮ. ಬಾವಿ ಪುಟ ಅಳಿಸ್ಬೇಡಿ. ಬೇಕಾದ್ರೆ ಬಂದು ನೋಡಿ.’

ನಾನು ಉತ್ತರಿಸಿದೆ: ‘ಮೋಸ ಮಾಡುವವರು ಹೀಗೇ ಹೇಳುತ್ತಾರೆ.’

ಉಳಿದ ನಾಲ್ವರು ಏನೂ ಹೇಳಲಿಲ್ಲ. ಅದನ್ನೂ ಪುರಾವೆಗೆ ಸೇರಿಸಿದೆ. ಅವತ್ತೇ ಐದೂ ಖಾತೆಗಳು ನಾಲ್ಕನೆಯ ಸಲ ಮೌನಕ್ಕೆ ಜಾರಿದವು. ನನಗೆ ಹಬ್ಬ.

ಮೇಷ್ಟ್ರು ಫೋನ್ ಮಾಡಿದರು. “ಭಾನುವಾರ ಸಾಯಂಕಾಲ ಐದಕ್ಕೆ ಮುಚ್ತೀನಿ. ಅಷ್ಟ್ರಲ್ಲಿ ಒಂದ್ಸಲ ಹೋಗಿ ನೋಡ್ಕೊಂಡ್ ಬಾಮ್ಮ.”

“ಪುರಾವೆ ಕಣ್ಮುಂದೇನೇ ಇದೆಯಲ್ಲ ಸರ್.”

“ಪುರಾವೆ ನೋಡ್ದೆ ಕಣಮ್ಮ. ಮನುಷ್ಯರನ್ನ ನೋಡಿಲ್ಲ.”

ಸರಿ, ಭಾನುವಾರ ಮಧ್ಯಾಹ್ನ ಶಿಡ್ಲಘಟ್ಟದಲ್ಲಿ ಬಸ್ ಇಳಿದು, ಆಟೊ ಹಿಡಿದು ಹೋದೆ. ಸಾಕ್ಷಿಗಿರಲಿ ಎಂದು ದಾರಿಯುದ್ದಕ್ಕೂ ವಿಡಿಯೊ ಮಾಡಿದೆ. ಹಿಪ್ಪುನೇರಳೆ ತೋಟ ದಾಟಿ ಅಕ್ಕನ ಮನೆ ಹುಡುಕುವಷ್ಟರಲ್ಲಿ ಫೋನ್ ಸತ್ತಿತ್ತು.

ಅಕ್ಕ ಹಿತ್ತಲಿನ ರೇಷ್ಮೆ ಹುಳು ಮನೆಯಲ್ಲಿದ್ದಾರೆ ಅಂದರು ನೆರೆಯವರು. ಬಾಗಿಲಲ್ಲೇ ಅವರ ಅತ್ತೆ ನನ್ನನ್ನು ತಡೆದು ಮೂಗು ಮುಚ್ಚಿಕೊಂಡರು.

“ಯಾರಮ್ಮ ನೀನು? ಸೆಂಟ್ ಹೊಡ್ಕೊಂಡು ಹುಳು ಮನೇಗೆ ಬರ್ತಾರೇನೇ? ಆ ವಾಸ್ನೆ ಹುಳಕ್ಕಾಗಲ್ಲ.”

“ನಾನು ಒಂದು ವಿಚಾರಣೆಗೆ...”

“ವಿಚಾರಣೆ ಆಮೇಲೆ. ಆ ವೇಲು ಆಚೆ ಬಿಸಾಕು. ಕೈಕಾಲು ತೊಳ್ಕೊಂಡು, ಹೊಸ್ಲಲ್ಲಿರೋ ಸುಣ್ಣದ ಪುಡಿ ತುಳ್ದು ಬಾ.”

ತೊಳೆದು, ತುಳಿದು ಒಳಗೆ ಹೋದೆ. ನಾಲ್ಕು ಅಂತಸ್ತಿನ ಅಟ್ಟಣಿಗೆಗಳ ತುಂಬ ಹುಳು. ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಹುಳು ಹಣ್ಣಾಯಿತು ಅನ್ನುತ್ತಾರೆ ಇದಕ್ಕೆ. ಹಣ್ಣಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗಳಾದ ಚಂದ್ರಿಕೆಗಳ ಮೇಲೆ ಬಿಡುತ್ತ ಐದು ಜನ ಬೆನ್ನು ಬಗ್ಗಿಸಿದ್ದರು.

ಐದು ಜನ. ಎಣಿಸಿದೆ. ಇನ್ನೊಂದು ಸಲ ಎಣಿಸಿದೆ.

“ಕೆಂಪು ಕೋಷ್ಟಕದೋರು ನೀವೇನಾ? ಬನ್ನಿ, ಬನ್ನಿ” ಅಂದರು ಅಕ್ಕ, ಕೈ ನಿಲ್ಲಿಸದೆ. “ಇಗೋ, ಇವನು ಕೆರೆ ಬಗ್ಗೆ ಬರೆಯೋನು. ಆವಮ್ಮ ಹುಣಸೆಮರ. ಆ ಕಡೆ ಗಂಡ ಹೆಂಡ್ತಿ, ಹೊಲದ ಹೆಸರು. ಮುಟ್ಟಿ ನೋಡ್ಬೇಕಾ?”

“ಎಂಟೆಂಟು ದಿನ ಎಲ್ಲರೂ ಒಟ್ಟಿಗೆ ಯಾಕೆ ಸುಮ್ಮನಾಗ್ತೀರಿ?”

ಐವರೂ ನಕ್ಕರು. ಕೆರೆಯವನು ಹೇಳಿದ: “ಎಲ್ರೂ ಒಂದೇ ಕಡೆ, ಒಂದೇ ದಿನ ಮರಿ ಹುಳು ತರ್ತೀವಿ ಮೇಡಂ. ನಾಲ್ಕನೇ ಜ್ವರ ಕಳೀತು ಅಂದ್ರೆ, ಅಂದ್ರೆ ಕೊನೇ ಸಲ ಪೊರೆ ಬಿಡ್ತು ಅಂದ್ರೆ, ಎಂಟು ದಿನ ಎದ್ರೆ ಮೇವು, ಕೂತ್ರೆ ಮೇವು. ಹಣ್ಣಾದಾಗ ಇವತ್ತು ಅಕ್ಕನ ಮನೇಲಿ ನಾವು, ನಾಳೆ ನಮ್ಮನೇಲಿ ಅಕ್ಕ. ಹುಳು ಚಂದ್ರಿಕೆ ಹತ್ತಿದ್ಮೇಲೇ ನಮಗೆ ಫೋನ್ ನೆನಪಾಗೋದು.”

“ಚಿಕ್ಕಬಳ್ಳಾಪುರದೋಳಂತೆ,” ಅತ್ತೆ ಗೋಡೆಗೆ ಹೇಳಿದರು, “ಹುಳು ಎಷ್ಟು ದಿನ ಮೇಯ್ತದೆ ಗೊತ್ತಿಲ್ವಂತೆ.”

ಮೂರು ವರ್ಷದ ಚರ್ಚಾಭ್ಯಾಸ ಬದಿಗಿಟ್ಟು, ನಾನೂ ಒಂದು ಹಣ್ಣಾದ ಹುಳು ಎತ್ತಲು ಹೋದೆ. ಅದು ಜಾರಿ ನೆಲಕ್ಕೆ ಬಿತ್ತು.

ಗಂಟೆ ಕೇಳಿದೆ. ಐದಕ್ಕೆ ಹದಿನೈದು ನಿಮಿಷ. ಅಕ್ಕ ಮುಖ ಮಾತ್ರ ಎತ್ತಿದರು. “ಐದಕ್ಕೆ ಅಲ್ವಾ ಬಾವಿ ಪುಟ ಹೋಗೋದು? ಅತ್ತೆ ಇನ್ನೊಂದ್ಸಲ ಹೇಳ್ತಾರೋ ಇಲ್ವೋ. ಅರ್ಧ ಮರ್ತಿದಾರೆ ಆಗ್ಲೇ.” ಅಕ್ಕ ಬಾಗಿಲ ಹೊರಗಿನ ಬುಟ್ಟಿಯಲ್ಲಿದ್ದ ತಮ್ಮ ಫೋನ್ ತೋರಿಸಿದರು. ಅದರಲ್ಲೇ ನನ್ನ ಖಾತೆ ತೆರೆದು ಬರೆದೆ: ‘ಆರೋಪ ಹಿಂತೆಗೆದುಕೊಂಡಿದ್ದೇನೆ. ಐವರೂ ಬೇರೆ ಬೇರೆ. ನನ್ನದೇ ತಪ್ಪು.’

ಮುಗಿಯಿತು ಅಂದುಕೊಂಡೆ. ಮೂರು ನಿಮಿಷಕ್ಕೆ ಕೆಳಗೆ ಒಂದು ಉತ್ತರ ಬಂತು. ಚಿಂತಾಮಣಿಯ ಔಷಧದಂಗಡಿಯ ಹುಡುಗನದು. ಖಾತೆ ಹುಡುಕುವ ವಿದ್ಯೆಯನ್ನು ನಾನೇ ಕಲಿಸಿದ, ನನ್ನ ಒಬ್ಬನೇ ಶಿಷ್ಯ. ‘ಎಚ್ಚರಿಕೆ! ಹಿಂತೆಗೆದುಕೊಂಡವರ ಖಾತೆಯೂ ಆರೋಪಿಯ ಖಾತೆಯೂ ಒಂದೇ ಫೋನಿನಿಂದ ಬರೆಯುತ್ತಿವೆ. ಆರನೆಯ ಖಾತೆ ಸಿಕ್ಕಿತು. ಈ ಮಾತು ಲೆಕ್ಕಕ್ಕಿಲ್ಲ.’

ಒಂದು ಫೋನು, ಎರಡು ಖಾತೆ ಅಂದರೆ ಒಬ್ಬನೇ ಮನುಷ್ಯ. ಆ ನಿಯಮ ಬರೆದವಳೂ ನಾನೇ.

ಮೇಷ್ಟ್ರ ನಂಬರು ಸತ್ತ ಫೋನಿನಲ್ಲಿತ್ತು, ಬಾಯಿಗೆ ಬರುತ್ತಿದ್ದದ್ದು ಶಿಷ್ಯನದೊಂದೇ; ಅವನಿಗೆ ಕರೆ ಮಾಡಿದೆ. ಕರೆ ಹೋದದ್ದು ಅಕ್ಕನ ನಂಬರಿನಿಂದ.

“ಲೋ, ನಾನು ಕಣೋ!”

“ನಮ್ ಗುರುಗಳ ದನಿ ಭಾಳ ಚೆನ್ನಾಗಿ ಮಾಡ್ತೀರ ಮೇಡಂ. ರೂಲ್ ಅಂದ್ರೆ ರೂಲೇ ಕದಾ?” ಅಂದು ಇಟ್ಟುಬಿಟ್ಟ.

ಪುಟದಲ್ಲಿ ‘ನಾನು ನಾನೇ’ ಎಂದು ಬರೆದೆ. ಕೆಳಗೆ ತಕ್ಷಣ ಬಂತು: ‘ಮೋಸ ಮಾಡುವವರು ಹೀಗೇ ಹೇಳುತ್ತಾರೆ.’

ಐದಕ್ಕೆ ನಾಲ್ಕು ನಿಮಿಷ. ಅಕ್ಕ ಕೈ ಒರೆಸಿಕೊಂಡು ಬಂದು ಫೋನ್ ಕಿತ್ತುಕೊಂಡರು. ತಮ್ಮ ಖಾತೆಯಿಂದ, ಒಂದೇ ಬೆರಳಲ್ಲಿ ಕುಟ್ಟಿದರು: ‘ಮೇಷ್ಟ್ರೇ, ಅವರು ಅವರೇ. ಮುಂದೇನೇ ನಿಂತವ್ರೆ. ಗುಲಾಬಿ ಸೆಂಟು. ಮಾತು ಜಾಸ್ತಿ, ಒಂದು ಹುಳಾನೂ ಸರಿಯಾಗಿ ಎತ್ತೋಕ್ ಬರಲ್ಲ. ಸೋತೆ ಅನ್ನೋಕೆ ಇಷ್ಟೊತ್ತು ತಗೊಂಡ್ರು.’

ಐವರೂ ಹುಳು ಬಿಟ್ಟು ಫೋನಿನ ಸುತ್ತ ನಿಂತರು. ಸರಿಯಾಗಿ ಐದಕ್ಕೆ ಮೇಷ್ಟ್ರ ಸಾಲು ಬಂತು: ‘ಈ ವರ್ಣನೆ ನನಗೆ ಗೊತ್ತಿರುವ ಹುಡುಗಿಯದೇ. ಐದೂ ಖಾತೆ ಇರಲಿ. ಬಾವಿಯೂ ಇರಲಿ.’

ಶಿಷ್ಯ ಒಪ್ಪಲಿಲ್ಲ. ‘ನಾಳೆ ನಾನೇ ಬಂದು ಕಣ್ಣಾರೆ ನೋಡುತ್ತೇನೆ’ ಎಂದು ಬರೆದ.

ಅಕ್ಕ ಅದನ್ನು ಗಟ್ಟಿಯಾಗಿ ಓದಿದರು. ಅತ್ತೆ ತಲೆಯೆತ್ತಲಿಲ್ಲ.

“ಬರ್ಲಿ ಬಿಡು. ನಾಳೆ ಪಕ್ಕದ್ಮನೇದು ಹಣ್ಣಾಗ್ತದೆ, ಕೈ ಬೇಕು. ಸೆಂಟ್ ಹೊಡ್ಕೊಂಡ್ ಬರ್ಬೇಡ ಅಂತ ಬರಿ.”