ಒಂದು ತೊಟ್ಟು ಹೆಪ್ಪು

ಎದ್ದ ಕೂಡಲೇ ಅವಳು ಮುಖ ತೊಳೆಯುವುದಿಲ್ಲ. ಅಡುಗೆಮನೆಯ ಮೇಜಿನ ಮೇಲಿರುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಐದು ಗ್ರಾಮಿನ ಹಿತ್ತಾಳೆಯ ತೂಕದ ಬಟ್ಟು ಇಡುತ್ತಾಳೆ. ಗಾಜಿನಲ್ಲಿ ಐದು ಎಂದು ಮೂಡಿದರೆ ಮಾತ್ರ ದಿನ ಶುರು. ಆಮೇಲೆ ಮಗಳ ತಟ್ಟೆ. ಬೇಯಿಸಿದ ಆಲೂಗಡ್ಡೆ ನಲವತ್ತು ಗ್ರಾಂ, ಕ್ಯಾರೆಟ್ ಮೂವತ್ತು, ಆಸ್ಪತ್ರೆ ಕೊಟ್ಟ ಹಿಟ್ಟಿನ ಬ್ರೆಡ್ ಒಂದು ತುಂಡು, ಮೂಗು ಮುಚ್ಚಿಕೊಂಡು ಕುಡಿಯಬೇಕಾದ ಪುಡಿಯ ನೀರು ಒಂದು ಲೋಟ. ಜ್ವರ ಬಂದ ದಿನವೂ, ತವರಿನಲ್ಲಿ ಅಪ್ಪ ತೀರಿಕೊಂಡ ದಿನವೂ ಇದು ತಪ್ಪಿಲ್ಲ.

ಅಕ್ಕಪಕ್ಕದವರು ಅವಳಿಗೆ ತಕ್ಕಡಿ ಎಂದೇ ಹೆಸರಿಟ್ಟಿದ್ದಾರೆ. ಮಗಳನ್ನು ಕರೆದುಕೊಂಡು ಮೆಟ್ಟಿಲು ಇಳಿದರೆ, "ತಕ್ಕಡಿ ಬಂದ್ಲು, ಬಿಸ್ಕತ್ತು ಮುಚ್ಚಿಡ್ರೇ" ಎಂದು ಅವಳಿಗೆ ಕೇಳುವಂತೆಯೇ ಹೇಳಿ ನಗುತ್ತಾರೆ.

ಅವಳ ಕೆಲಸ ಚೀಸ್ ಕಾರ್ಖಾನೆಯಲ್ಲಿ. ಸಾವಿರ ಲೀಟರಿನ ತೊಟ್ಟಿಯ ಹಾಲು ಉಗುರುಬೆಚ್ಚಗಾದಾಗ ಅವಳು ಒಂದು ಸಣ್ಣ ಲೋಟ ಹೆಪ್ಪು ಸುರಿಯುತ್ತಾಳೆ. ಅದು ಮೊಸರಿನ ಹೆಪ್ಪಲ್ಲ, ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ. ನಲವತ್ತು ನಿಮಿಷ ಕಳೆದ ಮೇಲೆ ತೊಟ್ಟಿಗೆ ಬೆರಳು ತೂರಿಸಿ ಮೆಲ್ಲಗೆ ಮೇಲೆತ್ತುತ್ತಾಳೆ. ಗಟ್ಟಿಯಾದ ಹಾಲು ಬೆರಳಿಗೆ ಅಂಟದೆ ಗಾಜಿನಂತೆ ಸೀಳಬೇಕು. ಅವಳ ಬೆರಳು ಹ್ಞೂಂ ಅನ್ನುವವರೆಗೆ ಮೇಸ್ತ್ರಿ ಕತ್ತಿ ಇಳಿಸುವುದಿಲ್ಲ.

ಗಂಡ ಹಾಲಿನ ಟ್ಯಾಂಕರ್ ಓಡಿಸುವವನು. ವಾರದಲ್ಲಿ ಐದು ದಿನ ದಾರಿಯಲ್ಲೇ ಇರುತ್ತಾನೆ. ಮಕ್ಕಳನ್ನು ನೋಡಿಕೊಳ್ಳುವವರು ಅತ್ತೆ.

ಮೊದಲನೆಯದು ಗಂಡು. ಅಪ್ಪ ಅಮ್ಮ ಇಬ್ಬರೂ ಕಪ್ಪು, ಮಗು ಮಾತ್ರ ಹಾಲಿನಂತೆ ಬಿಳಿ, ಕೂದಲು ಕಂದು. ಅತ್ತೆ ಅವನನ್ನು ಬೆಣ್ಣೆ ಎಂದು ಕರೆದರು. ಬೀದಿಯ ಮನೆಮನೆಗೂ ಎತ್ತಿಕೊಂಡು ಹೋಗಿ, "ನಮ್ಮ ವಂಶದಲ್ಲೇ ಇಂಥ ಬಣ್ಣ ಇಲ್ಲ ಕಣ್ರೇ" ಎಂದು ಬೀಗಿದರು. ಆದರೆ ಮಗುವಿನ ಮೈಯಿಂದ ಇಲಿಯ ಗೂಡಿನಂಥ ವಾಸನೆ ಬರುತ್ತಿತ್ತು. "ಮಗೂಗೆ ನೀರು ಹಾಕೋಕೂ ಸೋಮಾರಿತನವೇನೇ ನಿಂಗೆ?" ಎಂದು ಅತ್ತೆ ನೆಂಟರ ಮುಂದೆಯೇ ಕೇಳಿದರು. ಅವಳು ದಿನಕ್ಕೆ ಎರಡು ಸಲ, ಆಮೇಲೆ ಮೂರು ಸಲ, ಎಳೆಯ ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ವಾಸನೆ ಹೋಗಲಿಲ್ಲ.

ಎರಡು ವರ್ಷವಾದರೂ ಅವನು ಕೂರಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅವನ ಒದ್ದೆ ಬಟ್ಟೆಯನ್ನು ಮೂಸಿ ನೋಡಿದರು, ಅಷ್ಟರಲ್ಲೇ ಅವರಿಗೆ ತಿಳಿಯಿತು. ಆ ಬಣ್ಣವೂ ಆ ವಾಸನೆಯೂ ಒಂದೇ ರೋಗದವು.

"ನಾವು ತಿಂದದ್ದನ್ನ ಬಿಡಿಸಿ ಬೇರೆ ಮಾಡೋಕೆ ಮೈಯಲ್ಲಿ ಸಾವಿರಾರು ಕಿಣ್ವ ಇವೆ" ಎಂದರು ಅವರು. "ಒಂದೊಂದಕ್ಕೂ ಒಂದೇ ಗಂಟು ಬಿಚ್ಚೋಕೆ ಬರೋದು. ಹಾಲು, ಬೇಳೆ, ಮಾಂಸದಲ್ಲಿರೋ ಒಂದು ಗಂಟನ್ನ ಬಿಚ್ಚೋ ಕಿಣ್ವ ಇವನ ಪಿತ್ತಜನಕಾಂಗದಲ್ಲಿ ಕೆಲಸ ಮಾಡ್ತಿಲ್ಲ. ಅದು ಬಿಚ್ಚಿದ್ರೇನೇ ಕೂದಲಿಗೆ, ಚರ್ಮಕ್ಕೆ ಬಣ್ಣ. ಬಿಚ್ಚದೆ ಉಳಿದದ್ದು ರಕ್ತದಲ್ಲಿ ತುಂಬಿ ಮಿದುಳನ್ನ ಕೆಡಿಸತ್ತೆ."

ಮೈತುಂಬ ಅಷ್ಟು ಕೆಲಸಗಾರರನ್ನು ಇಟ್ಟವನು ಒಬ್ಬನನ್ನು ಮಾತ್ರ ಯಾಕೆ ಮರೆತನೋ.

ಬೆಣ್ಣೆಗೆ ಈಗ ಒಂಬತ್ತು ವರ್ಷ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬೀಳದಂತೆ ಸೊಂಟಕ್ಕೆ ಅತ್ತೆ ಹೊಲಿದ ಮೆತ್ತನೆಯ ಪಟ್ಟಿ ಕಟ್ಟಿಸಿಕೊಂಡು, ತನ್ನ ಮಣಿಕಟ್ಟನ್ನು ತಾನೇ ಕಚ್ಚುತ್ತ ಕೂತಿರುತ್ತಾನೆ. ಅವನ ತಂಗಿ ಪುಟ್ಟಿಗೂ ಅದೇ ರೋಗ. ಆದರೆ ಹುಟ್ಟಿದ ಮೂರನೇ ದಿನವೇ ಹಿಮ್ಮಡಿಗೆ ಸೂಜಿ ಚುಚ್ಚಿ ಕಂಡುಹಿಡಿದಿದ್ದರಿಂದ, ಅಳೆದು ತಿನ್ನಿಸಿದ ಊಟದಿಂದ ಬೆಳೆದಳು. ನಾಲ್ಕು ವರ್ಷಕ್ಕೆ ಮನೆ ಹಾರಿಹೋಗುವಷ್ಟು ಮಾತು. ಮೂವತ್ತರವರೆಗೆ ಎಣಿಸುತ್ತಾಳೆ. ವಾರಕ್ಕೊಮ್ಮೆ ಅವಳ ರಕ್ತದ ಚುಕ್ಕೆ ಆಸ್ಪತ್ರೆಗೆ ಹೋಗುತ್ತದೆ, ಬಿಚ್ಚದೆ ಉಳಿದದ್ದು ರಕ್ತದಲ್ಲಿ ಎಷ್ಟಿದೆ ಎಂಬ ಒಂದು ಅಂಕಿ ಅಲ್ಲಿಂದ ಬರುತ್ತದೆ. ಆರು ದಾಟಬಾರದು. ದಾಟಿ ಅಲ್ಲೇ ನಿಂತರೆ ಅವಳಿಗೂ ಅಣ್ಣನ ದಾರಿಯೇ.

ಒಂದು ದಿನ ಅವಳು ಕಾರ್ಖಾನೆಯಿಂದ ಸಣ್ಣ ಸೀಸೆಯಲ್ಲಿ ಹೆಪ್ಪು ತಂದಳು. ಬೆಚ್ಚಗಿನ ಹಾಲಿಗೆ ಅತ್ತೆಯ ಕಣ್ಣೆದುರೇ ಬಿಟ್ಟಳು.

"ನೋಡಿ ಅತ್ತೆ, ಒಂದೇ ತೊಟ್ಟು. ಇಷ್ಟೂ ಹಾಲಿಗೆ ಸಾಕು. ಪುಟ್ಟಿ ಮೈಯಲ್ಲಿ ಇಂಥದೇ ಒಂದು ಹೆಪ್ಪಿಲ್ಲ. ಅದಕ್ಕೇ ಹಾಲು ಕೊಡಬಾರದು ಅನ್ನೋದು."

ಅರ್ಧ ಗಂಟೆಯಲ್ಲಿ ಹಾಲು ಗಟ್ಟಿಯಾಯಿತು. "ಒಂದು ತೊಟ್ಟು ಇಲ್ಲದ್ದಕ್ಕೆ ಇಷ್ಟೆಲ್ಲನಾ?" ಎಂದು ಅತ್ತೆ ಬೆರಗಾದರು. ಸೀಸೆ ಕಪಾಟಿನಲ್ಲೇ ಉಳಿಯಿತು.

ಮುಂದಿನ ತಿಂಗಳು ಅಂಕಿ ಒಂಬತ್ತಾಯಿತು. ಆಮೇಲೆ ಹನ್ನೆರಡು.

"ಕದ್ದುಮುಚ್ಚಿ ಏನಾದ್ರೂ ಕೊಡ್ತಿದೀರಾ?" ಎಂದು ನರ್ಸು ಫೋನಿನಲ್ಲಿ ಕೇಳಿದಳು.

"ನಾನಾ?" ಎಂದಳು ತಕ್ಕಡಿ. ಮಾರನೆಯ ದಿನವೇ ಆಲೂಗಡ್ಡೆಯನ್ನು ಇಪ್ಪತ್ತಕ್ಕೆ ಇಳಿಸಿದಳು, ಬ್ರೆಡ್ ಅರ್ಧ ಮಾಡಿದಳು. ಪುಟ್ಟಿ ತಟ್ಟೆ ನೆಕ್ಕಿದಳು. ಅಮ್ಮ ತಟ್ಟೆ ಕಸಿದುಕೊಂಡಳು.

"ಅಮ್ಮಾ, ಹಸಿವು."

"ಸುಮ್ನೆ ಮಲಕ್ಕೋ. ಹೋಗತ್ತೆ."

ಅಂಕಿ ಹದಿನೈದಾಯಿತು. ಪುಟ್ಟಿಯ ಎಣಿಕೆ ಹತ್ತೊಂಬತ್ತಕ್ಕೆ ನಿಲ್ಲತೊಡಗಿತು. ಹತ್ತೊಂಬತ್ತು ಎಂದವಳು ಬಾಯಿ ತೆರೆದು ಗೋಡೆ ನೋಡುತ್ತಿದ್ದಳು.

ಊಟ ಕಡಿಮೆ ಮಾಡಿದ್ದು ಕೇಳಿ ನರ್ಸು ಕೂಗಾಡಿದಳು. "ಏನು ಮಾಡಿದ್ರಿ ನೀವು! ಹೊಟ್ಟೆಗೆ ಬೀಳದಿದ್ರೆ ಮೈ ತನ್ನ ಮಾಂಸವನ್ನೇ ಕರಗಿಸಿ ತಿನ್ನತ್ತೆ. ಅದರಲ್ಲೂ ಅದೇ ವಿಷ ಇರತ್ತಲ್ವಾ? ನೀವೇ ಏರಿಸ್ತಿದೀರಿ."

ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಬಾಯ್ಲರ್ ಕೆಟ್ಟು ಅವಳು ಬೇಗ ಮನೆಗೆ ಬಂದಳು. ಪುಟ್ಟಿಯ ಬಾಯಿಯ ಸುತ್ತ ಬಿಳಿ ಗೆರೆ. ಪರದೆಯ ಹಿಂದೆ ಅರ್ಧ ಉಳಿದ ಬಟ್ಟಲು. ಅವಳು ಅದಕ್ಕೆ ಬೆರಳು ತೂರಿಸಿ ಮೇಲೆತ್ತಿದಳು. ಅಂಟಲಿಲ್ಲ. ಗಾಜಿನಂತೆ ಸೀಳಿತು.

"ಎಷ್ಟು ದಿನದಿಂದ ಅತ್ತೆ?"

"ಒಂದೂವರೆ ತಿಂಗಳಾಯ್ತೇನೋ..." ಅತ್ತೆ ಸೆರಗು ಹಿಂಡಿದರು. "ಬರೀ ಹಾಲು ಕೊಟ್ಟಿಲ್ಲ ಕಣೇ, ಆಣೆಗೂ. ಒಂದು ಹೆಪ್ಪಿಲ್ಲ ಅಂತ ನೀನೇ ಅಂದ್ಯಲ್ಲ. ಒಂದು ತೊಟ್ಟು ಸಾಕು ಅಂತ್ಲೂ ನೀನೇ ಅಂದೆ. ದಿನಾ ದೇವರ ಹೆಸರು ಹೇಳಿ ಒಂದೇ ತೊಟ್ಟು ಹಾಕಿ ಕೊಟ್ಟೆ. ಮಗು ಎಷ್ಟು ಖುಷಿಯಾಗಿ ತಿನ್ನುತ್ತೆ ಗೊತ್ತಾ?"

ಆ ಹೆಪ್ಪಿಗೆ ಗೊತ್ತಿದ್ದದ್ದು ಹಾಲು ಗಟ್ಟಿ ಮಾಡುವುದೊಂದೇ. ಅದು ಬಿಚ್ಚುವ ಗಂಟು ಬೇರೆ. ಗಟ್ಟಿ ಹಾಲಿನಲ್ಲೂ ಪುಟ್ಟಿಗೆ ಆಗದ್ದೆಲ್ಲ ಹಾಗೇ ಇತ್ತು. ಅದನ್ನು ಅವಳು ಅತ್ತೆಗೆ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಬೆಣ್ಣೆಯ ಕುರ್ಚಿಯನ್ನು ದರದರ ಎಳೆದು ತಂದು ಅತ್ತೆಯ ಮೊಣಕಾಲಿಗೆ ತಾಗಿಸಿ ನಿಲ್ಲಿಸಿದಳು.

"ಇವಳಿಗೂ ಒಂದು ಪಟ್ಟಿ ಹೊಲಿದಿಟ್ಕೊಳ್ಳಿ. ಅಳತೆ ಬೇಕಾದ್ರೆ ಇವನದೇ ತಗೊಳ್ಳಿ."

ಮುದುಕಿ ಅಳಲಿಲ್ಲ. ಎರಡು ದಿನ ಊಟಕ್ಕೆ ಏಳಲಿಲ್ಲ. ಏಳಿ ಎಂದು ಇವಳೂ ಕರೆಯಲಿಲ್ಲ.

ಆಲೂಗಡ್ಡೆ ಮತ್ತೆ ನಲವತ್ತಕ್ಕೆ ಏರಿತು, ಆರು ವಾರದಲ್ಲಿ ಅಂಕಿ ಐದಕ್ಕೆ ಇಳಿಯಿತು. ಎಣಿಕೆ ಮಾತ್ರ ಹತ್ತೊಂಬತ್ತು ದಾಟಲಿಲ್ಲ. "ಕಾದು ನೋಡೋಣ" ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಅವಳ ಪಾಳಿ ಬದಲಾಗಿ, ಬೆಳಗಿನ ನಾಲ್ಕಕ್ಕೇ ಏಳಬೇಕಾಯಿತು.

ಒಂದು ಬೆಳಿಗ್ಗೆ ಅವಳು ಎದ್ದು ಬಂದಾಗ ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು ತಕ್ಕಡಿಯ ಮುಂದೆ ಕೂತಿದ್ದರು. ಹಿತ್ತಾಳೆಯ ಬಟ್ಟು ಪಕ್ಕದಲ್ಲಿತ್ತು. ಎರಡು ಬಟ್ಟಲುಗಳಲ್ಲಿ ಆಲೂಗಡ್ಡೆ, ಕ್ಯಾರೆಟ್.

"ವಾರದಿಂದ ಕಲೀತಿದೀನಿ. ಮೊದಲು ಐದು ನೋಡೇ ಇಟ್ಟೆ. ಇನ್ಮೇಲೆ ಬೆಳಿಗ್ಗೆ ನಾನೇ ತೂಗಿಡ್ತೀನಿ ಕಣೇ. ನೀನೊಂದು ಗಳಿಗೆ ಹೆಚ್ಚಿಗೆ ಮಲಗು. ಕಣ್ಣೆಲ್ಲ ಗುಳಿ ಬಿದ್ದಿದೆ."

ಅವಳು ಎರಡನ್ನೂ ತೂಗಿದಳು. ನಲವತ್ತು. ಮೂವತ್ತು. ಒಂದು ಗ್ರಾಮೂ ಆಚೀಚೆ ಇರಲಿಲ್ಲ.

ಎರಡೂ ಬಟ್ಟಲನ್ನು ಪಾತ್ರೆಗೆ ಮಗುಚಿದಳು. ತಕ್ಕಡಿ ಒರೆಸಿ ಹಿತ್ತಾಳೆಯ ಬಟ್ಟು ಇಟ್ಟಳು. ಐದು.

"ನೀವು ತೂಗಿದ್ದು ಸರಿಯಾಗೇ ಇದೆ" ಎಂದಳು. "ಬೇಡ ಅತ್ತೆ."