ಕರಾಚಿ ಬೇಡವೆಂದ ಎಲೆ

ದಹಿಸರ್ ಸ್ಟೇಷನ್ನಿನ ಹೊರಗೆ ಕರೀಮಸಾಬನ ಪಾನಪಟ್ಟಿ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಕಾಲಿನ ಮೇಲೆ ನಿಂತ ಒಂದು ಮರದ ಡಬ್ಬಿ. ಅದರೊಳಗೆ ಚಕ್ಕಂಬಕ್ಕಳ ಹಾಕಿ ಕೂತನೆಂದರೆ, ವಿಜಾಪುರದ ಕಡೆಯಿಂದ ಬಂದ ಈ ಮನುಷ್ಯ ಇಡೀ ಜಗತ್ತಿಗೆ ನ್ಯಾಯ ಹೇಳುತ್ತಿದ್ದ. ಪಾನ ಕಟ್ಟಿಕೊಡಲು ತಂದ ರದ್ದಿ ಪೇಪರನ್ನು ಮೊದಲು ಓದುತ್ತಿದ್ದ, ಆಮೇಲೆ ಹರಿಯುತ್ತಿದ್ದ. ಹಾಗಾಗಿ ಅವನ ಸುದ್ದಿ ಎರಡು ವಾರ ಹಳೆಯದಾಗಿರುತ್ತಿತ್ತು. ಅಭಿಪ್ರಾಯ ಮಾತ್ರ ಆಗತಾನೇ ಒಲೆಯಿಂದ ಇಳಿದದ್ದು.

ಎಪ್ಪತ್ತಮೂರರ ಬೆಲೆಯೇರಿಕೆ ಮೋರ್ಚಾದಲ್ಲಿ ಅವನ ಮೊಣಕಾಲಿಗೆ ಪೊಲೀಸರ ಲಾಠಿ ಬಿದ್ದಿತ್ತು. ಆ ಗುರುತನ್ನು ಕೇಳಿದವರಿಗೆ ತೋರಿಸುತ್ತಿದ್ದ, ಕೇಳದವರಿಗೆ ಇನ್ನೂ ಹೆಚ್ಚು ಹೊತ್ತು ತೋರಿಸುತ್ತಿದ್ದ. ಅಂದು ಲಟ್ಟಣಿಗೆ ಹಿಡಿದು ಮುಂದಿನ ಸಾಲಿನಲ್ಲಿ ನಡೆದವಳು ಅವನ ಹೆಂಡತಿ ಅಕ್ಬರಬಿ. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಯಾವಾಗ ಓಡಬೇಕೆಂಬುದು ಅವಳಿಗೆ ಗೊತ್ತಿತ್ತು.

ಅಕ್ಬರಬಿ ವಾರಕ್ಕೆರಡು ದಿನ ಸ್ಟೇಷನ್ನಿನ ಪೂರ್ವಕ್ಕಿದ್ದ, ಪರದೇಶಕ್ಕೆ ಎಲೆ ಕಳಿಸುವ ಶೇಠನ ಗೋದಾಮಿನಲ್ಲಿ ವೀಳ್ಯದೆಲೆ ಆರಿಸುವ ಕೂಲಿಗೆ ಹೋಗುತ್ತಿದ್ದಳು. ಅದಕ್ಕೆ ಪಗಾರವಿತ್ತು. ಪಗಾರವಿಲ್ಲದ ಇನ್ನೊಂದು ಕೆಲಸ ದಿನಾ ಬೆಳಗಾಗುತ್ತಲೇ ಮನೆಯಲ್ಲಿ ಕಾದಿರುತ್ತಿತ್ತು: ಗಂಡನ ಅಂಗಡಿಯ ಎಲೆ ಹೊರಳಿಸುವುದು. ಕಟ್ಟು ಬಿಚ್ಚಿ, ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಗ್ಗುಲು ಬದಲಿಸಿ, ಕೊಳೆತದ್ದನ್ನು ಎತ್ತಿ ಒಗೆಯಬೇಕು. ಒಂದು ದಿನ ತಪ್ಪಿದರೆ ಒಂದು ಎಲೆಯ ಕೊಳೆ ಇಡೀ ಕಟ್ಟನ್ನು ತಿನ್ನುತ್ತದೆ. ಕರೀಮಸಾಬ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎಲೆ ಹೊರಳಿಸಿರಲಿಲ್ಲ. ಎಲೆ ತಾನಾಗಿಯೇ ಹಸಿರಾಗಿರುತ್ತದೆಂದು ತಿಳಿದಿದ್ದ.

ಎಪ್ಪತ್ತೇಳರ ಒಂದು ಸಂಜೆ ರದ್ದಿಯಲ್ಲಿ ಅವನಿಗೊಂದು ಸುದ್ದಿ ಸಿಕ್ಕಿತು. ಗೋರೆಗಾಂವ್‌ನ ಆಫೀಸಿನಿಂದ ಲೋಕಲ್ ಇಳಿದು ಬಂದ ಧಾರವಾಡದ ಕಾರಕೂನ ಗದಿಗೆಪ್ಪನನ್ನು ಅಲ್ಲೇ ಹಿಡಿದ.

"ಗದಿಗೆಪ್ಪನವರ, ಕರಾಚಿಯವ್ರು ನಮ್ಮ ಎಲಿ ಮ್ಯಾಲಿನ ಸುಂಕ ಇಳಿಸ್ಯಾರ! ಯುದ್ಧದಾಗ ಮುಚ್ಚಿದ್ದ ಬಾಗಿಲಾ ಈಗ ಪೂರಾ ತಗದೈತಿ."

"ಅದಕ್ಕ?"

"ಇಂಗ್ಲಿಷ್ ಓದಿದವ್ರು ನೀವು, ಅದಕ್ಕ ಅಂತೀರಲ್ರಿ! ಸುಂಕ ಇಳೀತಂದ್ರ ಎಲಿ ಇಳೀತು. ಎಲಿ ಇಳೀತಂದ್ರ ಪಾನ ಇಳೀತು."

"ಬರೇ ಬಾಯಾಗ ಇಳಸಬ್ಯಾಡ್ರಿ ಸಾಹೇಬ್ರ. ಬರೀರಿ."

ಕರೀಮಸಾಬ ಸುಣ್ಣದ ಡಬ್ಬಿಯಲ್ಲಿ ಬೆರಳದ್ದಿ ಅಂಗಡಿಯ ಬಾಗಿಲ ಹಲಗೆಯ ಮೇಲೆ ದೊಡ್ಡದಾಗಿ ಬರೆದ: ಪಾನ ೨೦ ಪೈಸೆ. ನಿನ್ನೆಯವರೆಗೆ ಇಪ್ಪತ್ತೈದಿತ್ತು. ಬರೆದು ಸುಮ್ಮನಿದ್ದರೆ ಅವನು ಕರೀಮಸಾಬನೇ ಅಲ್ಲ. "ಇದರ ಮ್ಯಾಲ ಒಂದ್ ಪೈಸಾ ಏರಿಸಿದ್ರ ಈ ಡಬ್ಬಿ ಬಿಟ್ಟು ಇಳದು ಊರಿಗೆ ಹೋಗ್ತೀನಿ" ಎಂದು ಹತ್ತು ಜನರೆದುರು ಆಣೆ ಮಾಡಿದ. ಮೋರ್ಚಾದ ಮನುಷ್ಯ, ಕೊಟ್ಟ ಮಾತು ಬಿಟ್ಟರೆ ಮೊಣಕಾಲಿನ ಗುರುತನ್ನು ಯಾವ ಮುಖದಲ್ಲಿ ತೋರಿಸುವುದು?

ಶುಕ್ರವಾರ ಪ್ಲಾಟ್‌ಫಾರ್ಮಿಗೆ ಹೋದ. ವಸಯಿಯ ತೋಟದವರು ಲಗೇಜ್ ಡಬ್ಬಿಯಿಂದ ಎಲೆಬುಟ್ಟಿ ಇಳಿಸುತ್ತಿದ್ದರು. ನಿನ್ನೆ ಮೊನ್ನೆಯವರೆಗೆ 'ಕರೀಮಭಾಯ್, ಘ್ಯಾ ನಾ, ತಗೊಳ್ರಿ' ಎಂದು ಕೈ ಹಿಡಿಯುತ್ತಿದ್ದವರು ಇಂದು ಕತ್ತೆತ್ತಿ ನೋಡಲಿಲ್ಲ. ಕಟ್ಟಿನ ದರ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಒಳ್ಳೆಯ ಎಲೆಯೆಲ್ಲ ನೆಟ್ಟಗೆ ಶೇಠನ ಗೋದಾಮಿಗೆ ನಡೆದಿತ್ತು.

"ಇದು ಶೇಠನ ಮಸಲತ್ತು!" ಎಂದ ಕರೀಮಸಾಬ. ಎರಡೇ ತಾಸಿನಲ್ಲಿ ನಾಲ್ಕು ಪಾನಪಟ್ಟಿಯವರನ್ನೂ ತಮಾಷೆ ನೋಡಲು ರಜೆ ಹಾಕಿದ ಗದಿಗೆಪ್ಪನನ್ನೂ ಕಟ್ಟಿಕೊಂಡು, 'ಎಲೆ ದರ ಇಳಿಸಿ' ಎಂದು ಕೂಗುತ್ತ ಗೋದಾಮಿನ ಬಾಗಿಲಿಗೆ ಹೋದ.

ಒಳಗೆ ಇಪ್ಪತ್ತು ಹೆಂಗಸರು ಸಾಲಾಗಿ ಕೂತು ಎಲೆ ಆರಿಸುತ್ತಿದ್ದರು. ಮೊದಲ ಸಾಲಿನ ಮೊದಲ ಜಾಗದಲ್ಲಿ ಅಕ್ಬರಬಿ. ಈ ಗಂಡಹೆಂಡಿರ ಜಗಳ ದಖನಿ ಉರ್ದುವಿನಲ್ಲಿ ಹುಟ್ಟಿ ಕನ್ನಡದಲ್ಲಿ ಬೆಳೆಯುವುದು ರೂಢಿ. ಅಂದು ಅದು ಹುಟ್ಟುವಾಗಲೇ ಬೆಳೆದಿತ್ತು.

"ಏನ್ರೀ, ಮೋರ್ಚಾ ಯಾರ ಮ್ಯಾಲ? ನನ್ನ ಮ್ಯಾಲೇನು?"

"ನಿನ್ನ ಮ್ಯಾಲ ಅಲ್ಲ. ಸುಂಕ ಇಳದೈತಿ, ಎಲಿ ಯಾಕ ಏರ್ತು, ಅದನ್ನ ಕೇಳಾಕ ಬಂದೇವಿ."

"ಸುಂಕ ಇಳದಿದ್ದು ಅಲ್ಲಿ, ಕರಾಚ್ಯಾಗ. ಎಲಿ ಅಗ್ಗ ಆಗಿದ್ದೂ ಅಲ್ಲಿ ತಿನ್ನಾವ್ರಿಗೆ. ಅಲ್ಲಿ ಜನಾ ಹೆಚ್ಚು ತಿನ್ನಾಕ ಹತ್ಯಾರ, ಎಲಿ ಅತ್ತಾಗ ಓಡೈತಿ. ಇಲ್ಲಿ ಉಳಿದಿದ್ದು ಕಡಿಮಿ, ಅದಕ್ಕ ತುಟ್ಟಿ. ವಸಯಿಯವ್ರು ಹೊಸಾ ಬಳ್ಳಿ ಹಚ್ಚಾಕ ಹತ್ಯಾರ. ನನಗ ವಾರಕ್ಕೆರಡು ದಿನ ಇದ್ದ ಕೆಲಸ ಆರು ದಿನ ಆಗೈತಿ. ಹಿಂತಾ ಸುದ್ದಿ ನಿಮ್ಮ ರದ್ದ್ಯಾಗ ಬಂದಿಲ್ಲೇನು?"

ಇಪ್ಪತ್ತು ಹೆಂಗಸರೂ ನಕ್ಕರು. ಪಾನಪಟ್ಟಿಯವರು ಚಪ್ಪಲಿ ನೋಡಿಕೊಂಡರು. ಗದಿಗೆಪ್ಪ ಮಾತ್ರ, "ಸಾಹೇಬ್ರ, ಇನ್ನೊಂದ್ ಘೋಷಣಾ ಕೂಗೂಣೇನ್ರಿ?" ಎಂದ.

ಆಣೆ ಕುತ್ತಿಗೆಗೆ ಬಂತು. ಪೂರಾ ಎಲೆ ಹಾಕಿ ಇಪ್ಪತ್ತಕ್ಕೆ ಮಾರಿದರೆ ಕೈಯಿಂದ ಹೋಗುತ್ತದೆ. ದರ ಏರಿಸಿದರೆ ಡಬ್ಬಿಯೇ ಹೋಗುತ್ತದೆ. ಕರೀಮಸಾಬ ಎಲೆಯನ್ನು ನಡುವೆ ಕತ್ತರಿಸಿ ಅರ್ಧರ್ಧ ಕಟ್ಟತೊಡಗಿದ. ಗದಿಗೆಪ್ಪ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇದು ಪಾನೇನ್ರಿ, ಲೋಕಲ್ ಟಿಕೀಟೇನ್ರಿ? ಗೇಟಿನ್ಯಾಗ ತೋರಿಸ್ಲ್ಯಾ?" ಎಂದ. ಗೋದಾಮಿಗೆ ಬೆಳಿಗ್ಗೆಯೇ ಹೋಗುವ ಅಕ್ಬರಬಿಗೆ ಈಗ ಮನೆಯ ಎಲೆ ಹೊರಳಿಸಲು ಪುರಸೊತ್ತಿರಲಿಲ್ಲ. ಇದ್ದ ಅರ್ಧ ಎಲೆಯೂ ಕೊಳೆಯಿತು. ಹತ್ತನೆಯ ದಿನ ಕರೀಮಸಾಬ ಒದ್ದೆ ಬಟ್ಟೆ ಹಿಡಿದು ಸುಣ್ಣದ ಅಕ್ಷರದ ಮುಂದೆ ನಿಂತ. ಒರೆಸುವುದೋ, ಊರಿನ ಬಸ್ಸು ಹತ್ತುವುದೋ?

ಆಗಲೇ ಕೆಲಸ ಬಿಟ್ಟು ಬಂದ ಅಕ್ಬರಬಿ ಹಲಗೆಯ ಮೇಲೆ ಒಂದು ಗಂಟು ಇಟ್ಟಳು. ಕರಾಚಿಯ ಬುಟ್ಟಿಗೆ ಅಂಗೈಯಗಲದ, ತೂತಿಲ್ಲದ, ತುದಿ ಹಳದಿಯಾಗದ ಎಲೆಯೇ ಬೇಕು. ಉಳಿದದ್ದು ಆರಿಸಿದವರ ಪಾಲು. ಹೆಂಗಸರು ಅದನ್ನು ಆಡಿಗೆ ಹಾಕುತ್ತಿದ್ದರು.

"ಆಡಿನ ಬಾಯಿಂದ ತಗೊಂಡ್ ಬಂದೀನಿ. ದಿನಾ ತರ್ತೀನಿ. ಆದ್ರ ಹೊರಳಸಾವ್ರು ನೀವು."

"ನಾನಾ? ಎಲಿ ಹೊರಳಸೋದ ಹೆಂಗಸರ ಕೆಲಸ..."

"ಬಿಡ್ರಿ ಹಂಗಾರ. ಆಡು ಕಾಯಾಕ ಹತ್ಯಾವು." ಗಂಟಿಗೆ ಕೈ ಹಾಕಿದಳು.

ಕರೀಮಸಾಬ ಗಂಟನ್ನು ಎದೆಗವುಚಿಕೊಂಡ.

ಮರುದಿನದಿಂದ ಅವರಿದ್ದ ಚಾಳಿನ ಜನ ಒಂದು ಹೊಸ ನೋಟ ಕಂಡರು: ಬೆಳಗಾಗುತ್ತಲೇ ಹೊಸ್ತಿಲಲ್ಲಿ ಕೂತು, ಲಾಠಿ ತಿಂದ ಮೊಣಕಾಲು ಚಾಚಿ, ಎಲೆ ಒರೆಸುವ ಕರೀಮಸಾಬ. ಅಂಗಡಿಗೆ ಬಂದಮೇಲೆ ಗತ್ತಿಗೇನೂ ಕಡಿಮೆಯಿರಲಿಲ್ಲ. ತೂತುಬಿದ್ದ ಎಲೆಗೆ ಕಾಚು ಸವರುತ್ತ, "ತಿನ್ರಿ, ಎಕ್ಸ್‌ಪೋರ್ಟ್ ಗೋದಾಮಿನ ಮಾಲು!" ಎನ್ನುತ್ತಿದ್ದ. ಸುಣ್ಣದ ಇಪ್ಪತ್ತು ಹಾಗೆಯೇ ಇತ್ತು.

ವಾರದ ಪಗಾರದ ದಿನ ಅಕ್ಬರಬಿ ಅಂಗಡಿಯ ಮುಂದೆ ನಿಂತು ಇಪ್ಪತ್ತು ಪೈಸೆಯ ನಾಣ್ಯ ಇಟ್ಟಳು. "ಒಂದು ಪಾನ ಕಟ್ರಿ." ಅವನು ಇದ್ದುದರಲ್ಲಿ ದೊಡ್ಡ ಎಲೆ ತೆಗೆದ. ಅವಳು ಅದನ್ನು ಕಸಿದು ಬೆಳಕಿಗೆ ಹಿಡಿದಳು. ಗೋದಾಮಿನಲ್ಲಿ ಹಿಡಿಯುವ ಹಾಗೆಯೇ.

"ತೊಟ್ಟಿನ್ಯಾಗ ಕೊಳತೈತಿ. ಮುಂಜಾನೆ ಬರೊಬರಿ ಹೊರಳಿಸಿಲ್ಲ ನೀವು. ಬ್ಯಾರೇದು ಕೊಡ್ರಿ."

ಕರೀಮಸಾಬ ಇನ್ನೊಂದು ಎಲೆ ತೆಗೆದು, ಮೊದಲು ತಾನೇ ಬೆಳಕಿಗೆ ಹಿಡಿದ.